ಕರೆ ಬಂದೊಡನೆ ಎದ್ದು ನಡೆದವರು: ಸಂತ ಜೋಸೆಫ್ ವಾಜ್

ಕ್ರಿಸ್ಮಸ್ ಸಮೀಪಿಸಿತೆಂದರೆ ಬೇಳ, ಮಂಜೇಶ್ವರ, ಕಯ್ಯಾರು, ವರ್ಕಾಡಿಗಳ ಇಗರ್ಜಿಗಳಲ್ಲಿ, ಕ್ರೈಸ್ತ ಬಾಂಧವರ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಬೈಹುಲ್ಲಿನ ಹಾಸು, ದನಕರು, ಕುರುಬರು, ಮೂವರು ಜ್ಞಾನಿಗಳು, ಮೇಲೊಂದು ನಕ್ಷತ್ರ. ನೋಡಲು ಬಂದವರ ಕಣ್ಣು ಮೊದಲು ಶಿಶು ಯೇಸುವಿನ ಮೇಲೆ, ಬಳಿಕ ಮರಿಯಮ್ಮನವರ ಮೇಲೆ ಬೀಳುತ್ತದೆ. ಕೋಲು ಹಿಡಿದು ಒಂದು ಬದಿಯಲ್ಲಿ ನಿಂತ ಬಡಗಿ ಜೋಸೆಫರನ್ನು ಗಮನಿಸುವವರು ಕಡಿಮೆ. ಇಡೀ ಸುವಾರ್ತೆಯಲ್ಲಿ ಅವರು ಆಡಿದ ಒಂದೇ ಒಂದು ಮಾತು ಕೂಡ ದಾಖಲಾಗಿಲ್ಲ. ದಾಖಲಾಗಿರುವುದು ಅವರು ಮಾಡಿದ ಕೆಲಸ ಮಾತ್ರ.

ಆ ಕೆಲಸವಾದರೂ ಎಂತಹುದು? ಮರಿಯಮ್ಮನವರನ್ನು ಪತ್ನಿಯಾಗಿ ಸ್ವೀಕರಿಸಲು ಹಿಂಜರಿಯಬೇಡವೆಂದು ಕನಸಿನಲ್ಲಿ ದೇವದೂತನ ಅಪ್ಪಣೆಯಾಯಿತು. ನಿದ್ದೆಯಿಂದ ಎದ್ದವರು ಹಾಗೆಯೇ ಮಾಡಿದರು. ಹೆರೋದ ಅರಸನು ಮಗುವನ್ನು ಕೊಲ್ಲಿಸಲಿದ್ದಾನೆ, ಈಜಿಪ್ಟಿಗೆ ಓಡಿಹೋಗು ಎಂಬ ಎರಡನೆಯ ಅಪ್ಪಣೆ ಬಂತು. ಬೆಳಗಾಗಲಿ ಎಂದು ಕಾಯಲಿಲ್ಲ. ರಾತ್ರೋರಾತ್ರಿ ತಾಯಿ-ಮಗುವನ್ನು ಕರೆದುಕೊಂಡು ಹೊರಟರು. ಹಿಂದಿರುಗೆಂದಾಗ ಹಿಂದಿರುಗಿದರು. ಗಲಿಲೇಯದ ಕಡೆಗೆ ಹೋಗೆಂದಾಗ ಅತ್ತ ನಡೆದರು. ದೇವರ ಮಾತು ಕಿವಿಗೆ ಬಿದ್ದುದಕ್ಕೂ ಕಾಲು ಎತ್ತಿದುದಕ್ಕೂ ನಡುವೆ ಅವರು ಸಮಯ ಬಿಡಲಿಲ್ಲ. ಜೋಸೆಫರ ಇಡೀ ಜೀವನದ ಸಾರ ಇಷ್ಟೇ.

ಇದೇ ಹೆಸರನ್ನು ಹೊತ್ತ, ಇದೇ ಗುಣವನ್ನು ಬಾಳಿನಲ್ಲಿ ತೋರಿಸಿಕೊಟ್ಟ ಮಹನೀಯರೊಬ್ಬರು ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ಈ ಕರಾವಳಿಯಲ್ಲಿ ಬರಿಗಾಲಲ್ಲಿ ನಡೆದಾಡಿದ್ದರು. ಅವರೇ ಸಂತ ಜೋಸೆಫ್ ವಾಜ್. ಮಂಜೇಶ್ವರದಿಂದ ಹೆಚ್ಚು ದೂರವಲ್ಲದ ಮುಡಿಪು ಗುಡ್ಡದ ಮೇಲೆ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಅಲ್ಲಿಯ ನೀರಿನ ಒರತೆಗಳಿಗೂ ಅವರಿಗೂ ನಂಟು ಹೇಳುವ ಪ್ರತೀತಿ ಜನರಲ್ಲಿದೆ. ಜಾತಿ ಮತದ ಭೇದವಿಲ್ಲದೆ ಹರಕೆ ಹೊತ್ತು ಹೋಗುವವರಿದ್ದಾರೆ. ಆದರೆ ಆ ಗುಡ್ಡ ಹತ್ತಿದವರಲ್ಲಿ ಅವರ ಬಾಳಿನ ಕಥೆಯನ್ನು ಪೂರ್ತಿಯಾಗಿ ಬಲ್ಲವರು ಎಷ್ಟು ಮಂದಿ?

ಗೋವೆಯ ಸಾಸಷ್ಟಿ ಪ್ರಾಂತದ ಬೆನೌಲಿಂ ಎಂಬ ಹಳ್ಳಿಯಲ್ಲಿ 1651ರ ಏಪ್ರಿಲ್ 21ರಂದು ಅವರು ಜನಿಸಿದರು. ತಂದೆ ಸಾಂಕ್ವಾಳದ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ಮನೆಮಾತು ಕೊಂಕಣಿ. ಸಾಂಕ್ವಾಳದಲ್ಲಿ ಪೋರ್ಚುಗೀಸ್, ಬೆನೌಲಿಂನಲ್ಲಿ ಲ್ಯಾಟಿನ್ ಕಲಿತು, ಗೋವೆಯ ಸಂತ ಪಾವ್ಲರ ವಿದ್ಯಾಲಯದಲ್ಲಿ ಉನ್ನತ ವಿದ್ಯಾಭ್ಯಾಸ ಮಾಡಿದರು. 1676ರಲ್ಲಿ ಯಾಜಕ ದೀಕ್ಷೆಯಾಯಿತು. ಅಂದಿನ ಗೋವೆಯಲ್ಲಿ ಒಳ್ಳೆಯ ಮನೆತನದ ಗುರುಗಳಿಗೆ ಸ್ಥಾನಮಾನಗಳು ತಾವಾಗಿ ಒದಗುತ್ತಿದ್ದವು. ಇವರು ಪಾದರಕ್ಷೆಯನ್ನು ಬಿಟ್ಟು ಬರಿಗಾಲಲ್ಲಿ ನಡೆಯತೊಡಗಿದರು. ಮರುವರ್ಷ 1677ರ ಆಗಸ್ಟ್ 5ರಂದು ತಮ್ಮನ್ನು ಮರಿಯಮ್ಮನವರ ದಾಸನೆಂದು ಒಪ್ಪಿಸಿ ಪತ್ರ ಬರೆದರು. ದಾಸನಾದವನಿಗೆ ಇಂದು ಬೇಡ, ನಾಳೆ ನೋಡೋಣ ಎನ್ನುವ ಹಕ್ಕಿಲ್ಲ. ಆ ಪತ್ರದ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಕಾಲಕ್ಕೆ ಸಿಂಹಳದಿಂದ ದುಃಖದ ಸುದ್ದಿ ಬರುತ್ತಿತ್ತು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ಕೈವಶವಾಗಿದ್ದವು. ಡಚ್ಚರು ಕ್ರೈಸ್ತರೇ ಆದರೂ ಪ್ರೊಟೆಸ್ಟಂಟ್ ಪಂಥದವರು. ಕಥೋಲಿಕ ಗುರುಗಳನ್ನು ಹೊರಗಟ್ಟಿ, ಅವರಿಗೆ ಆಸರೆ ಕೊಟ್ಟವರಿಗೆ ಕಠಿಣ ಶಿಕ್ಷೆ ವಿಧಿಸಿದರು. ಇಗರ್ಜಿಗಳು ಕೈತಪ್ಪಿದವು. ಜ್ಞಾನಸ್ನಾನಕ್ಕಾಗಲಿ, ಮರಣಶಯ್ಯೆಯ ಪ್ರಾರ್ಥನೆಗಾಗಲಿ ಗುರುಗಳಿಲ್ಲದೆ ಒಂದು ತಲೆಮಾರು ಬೆಳೆಯಿತು. ಮನೆಯೊಳಗೆ ಹಿರಿಯರು ಬಾಯಿಪಾಠವಾಗಿ ಹೇಳಿಕೊಟ್ಟದ್ದೇ ಉಳಿದ ಧರ್ಮ. ಆ ಹಿರಿಯರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. ಕಳೆದ ಒಂದೊಂದು ವರ್ಷವೂ ಮರಳಿ ಬಾರದ ನಷ್ಟ. ಇದನ್ನು ಕೇಳಿದ ಯುವಕ ಗುರುಗಳು ತಾವು ಹೋಗುವುದಾಗಿ ಮುಂದೆ ಬಂದರು.

ಆದರೆ ಗೋವೆಯ ಧರ್ಮಪೀಠ ಅವರನ್ನು ಕಳುಹಿಸಿದ್ದು ಸಿಂಹಳಕ್ಕಲ್ಲ, ಕೆನರಾಕ್ಕೆ! ಮನಸ್ಸು ದಕ್ಷಿಣದ ದ್ವೀಪದಲ್ಲಿ, ಅಪ್ಪಣೆ ನೆರೆಯ ಕರಾವಳಿಗೆ. ಇಂತಹ ಸಂದರ್ಭದಲ್ಲಿ ಕುಂಟು ನೆಪ ಹೇಳಿ ದಿನ ದೂಡುವುದು ಮನುಷ್ಯ ಸಹಜ. ಜೋಸೆಫ್ ವಾಜರು 1681ರಲ್ಲಿ ಮೂಟೆ ಕಟ್ಟಿ ಹೊರಟರು. ತಮಗೆ ಬೇಕಾದ ಕೆಲಸವನ್ನು ಬೇಗನೆ ಮಾಡುವುದು ಉತ್ಸಾಹ. ತಮಗೆ ಕೊಟ್ಟ ಕೆಲಸವನ್ನು ಬೇಗನೆ ಮಾಡುವುದೇ ವಿಧೇಯತೆ. ಎರಡಕ್ಕೂ ಇರುವ ಅಂತರ ಅಂದು ಸ್ಪಷ್ಟವಾಯಿತು.

ಆಗ ಕೆನರಾ ಕೆಳದಿಯ ಆಳ್ವಿಕೆಯಲ್ಲಿತ್ತು. ನಮ್ಮ ಬೇಕಲ, ಚಂದ್ರಗಿರಿಗಳ ಕೋಟೆಗಳೊಡನೆ ಹೆಸರು ಬೆಸೆದುಕೊಂಡಿರುವ ಶಿವಪ್ಪ ನಾಯಕನ ಮನೆತನವದು. ಗದ್ದುಗೆಯಲ್ಲಿದ್ದವಳು ರಾಣಿ ಚೆನ್ನಮ್ಮಾಜಿ. ಗೋವೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನೆಲೆನಿಂತ ಕ್ರೈಸ್ತ ಕುಟುಂಬಗಳು ಹೊನ್ನಾವರದಿಂದ ಮಂಗಳೂರಿನವರೆಗೆ ಚದುರಿಕೊಂಡಿದ್ದವು. ಅವರಿಗೆ ಗುರುಗಳ ಕೊರತೆ ಒಂದೆಡೆಯಾದರೆ, ಒಳಜಗಳ ಇನ್ನೊಂದೆಡೆ. ಪೋರ್ಚುಗಲ್ ಅರಸನ ಹಕ್ಕಿನ ಬಲದಿಂದ ಗೋವೆಯವರು ಈ ಪ್ರಾಂತ ತಮ್ಮದೆನ್ನುತ್ತಿದ್ದರು. ರೋಮಿನಿಂದ ನೇರವಾಗಿ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರ ಅಧಿಕಾರವನ್ನು ಗೋವೆ ಒಪ್ಪುತ್ತಿರಲಿಲ್ಲ. ಯಾರು ಮಾಡಿಸಿದ ಮದುವೆ ಊರ್ಜಿತ, ಯಾರ ಕೈಯ ಜ್ಞಾನಸ್ನಾನ ಸಿಂಧು ಎಂಬ ಗೊಂದಲದಲ್ಲಿ ಬಡ ಭಕ್ತರು ತೊಳಲಾಡುತ್ತಿದ್ದರು.

ಜೋಸೆಫ್ ವಾಜರು ಗೋವೆಯಿಂದ ಕಳುಹಿಸಲ್ಪಟ್ಟವರು. ಹಾಗೆಂದು ಧರ್ಮಾಧ್ಯಕ್ಷರನ್ನು ವಿರೋಧಿಯಾಗಿ ಕಾಣಲಿಲ್ಲ. ಗೌರವದಿಂದಲೇ ವ್ಯವಹರಿಸಿದರು. ಜಗಳದ ತೀರ್ಪು ಮೇಲಿನವರಿಗೆ ಸೇರಿದ್ದು, ರೋಗಿಯ ಬಳಿಗೆ ಹೋಗುವುದು ಮಾತ್ರ ಇಂದೇ ಆಗಬೇಕಾದ್ದು ಎಂಬುದು ಅವರ ನಡತೆಯಲ್ಲಿ ಕಾಣುತ್ತದೆ. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಸಂಚರಿಸಿದರು. ಇಗರ್ಜಿಗಳನ್ನು ಎಬ್ಬಿಸಿ ನಿಲ್ಲಿಸಿದರು, ಮಕ್ಕಳಿಗೆ ಪಾಠಶಾಲೆ ತೆರೆದರು, ಗುಲಾಮರಾಗಿ ಮಾರಿಹೋದವರನ್ನು ಹಣ ತೆತ್ತು ಬಿಡಿಸಿದರು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಹೊಳೆ, ತೋಡುಗಳನ್ನು ದಾಟುವ ಕಷ್ಟ ಬಲ್ಲವರಿಗೆ ಆ ಬರಿಗಾಲ ನಡಿಗೆಯ ಬೆಲೆ ತಿಳಿದೀತು. ಹೀಗೆ ಸುಮಾರು ಮೂರು ವರ್ಷ ದುಡಿದು 1684ರಲ್ಲಿ ಗೋವೆಗೆ ಹಿಂದಿರುಗಿದರು.

ಅಲ್ಲಿ ಹಳೆಗೋವೆಯ ಬೋವಾ ವಿಸ್ತಾ ಗುಡ್ಡದ ಮೇಲೆ ಕೆಲವು ಗೋವನ್ ಗುರುಗಳು ಕೂಡಿ ಬಾಳುವ ಒಂದು ಧಾರ್ಮಿಕ ಕೂಟ ರೂಪುಗೊಳ್ಳುತ್ತಿತ್ತು. 1685ರಲ್ಲಿ ಅವರು ಅದನ್ನು ಸೇರಿದರು. ಅವರನ್ನೇ ಹಿರಿಯರನ್ನಾಗಿ ಆರಿಸಲಾಯಿತು. ಅಲ್ಲಿ ನೆಮ್ಮದಿಯಿಂದ ಇರಬಹುದಿತ್ತು. ಆದರೆ ಸಿಂಹಳದ ಕೂಗು ಕಿವಿಯಲ್ಲಿತ್ತು. 1686ರಲ್ಲಿ ಹಿರಿತನವನ್ನು ಬಿಟ್ಟುಕೊಡಲು ಅನುಮತಿ ಸಿಕ್ಕಿತು. ಸಿಕ್ಕಿದ ಮೇಲೆ ತಡಮಾಡಲಿಲ್ಲ. ಜಾನ್ ಎಂಬ ಸೇವಕನೊಡನೆ ಮತ್ತೆ ಈ ಕರಾವಳಿಯ ದಾರಿಯಾಗಿ ದಕ್ಷಿಣಕ್ಕೆ ಸಾಗಿ, 1687ರಲ್ಲಿ ತೂತ್ತುಕುಡಿ ತಲುಪಿದರು. ಗುರುಗಳ ನಿಲುವಂಗಿ ಕಳಚಿ ಕೂಲಿಯಾಳಿನ ವೇಷ ತೊಟ್ಟರು. ಹಡಗೇರಿ ಅದೇ ವರ್ಷ ಸಿಂಹಳದ ನೆಲ ಮುಟ್ಟಿದರು.

ಜಾಫ್ನಾ ಸೇರುವಾಗಲೇ ತೀವ್ರವಾದ ರಕ್ತಭೇದಿ ಹಿಡಿದಿತ್ತು. ಪರಿಚಯವಿಲ್ಲದ ಊರು, ಹಿಡಿದರೆ ಕೊಲ್ಲುವ ಸರಕಾರ. ಕರುಣೆಯುಳ್ಳ ಹೆಂಗಸೊಬ್ಬಳು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಚೇತರಿಸಿಕೊಂಡ ಮೇಲೆ ಇನ್ನೊಂದು ತೊಡಕು. ಅಡಗಿಕೊಂಡ ಕಥೋಲಿಕರು ಯಾರು, ಎಲ್ಲಿದ್ದಾರೆ? ಕೇಳುವಂತಿಲ್ಲ, ಹೇಳುವಂತಿಲ್ಲ. ಜಪಸರವೊಂದನ್ನು ಕುತ್ತಿಗೆಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆ ಬೇಡುತ್ತ ಹೊರಟರು. ಅಕ್ಕಿ ಹಾಕಲು ಬಂದವರ ಕಣ್ಣು ಜಪಸರದ ಮೇಲೆ ನಿಂತರೆ ಅದೇ ಗುರುತು. ಹೀಗೆ ಒಂದೊಂದೇ ಮನೆ ಪತ್ತೆಯಾಯಿತು. ಸಿಲ್ಲಾಲೈ ಎಂಬ ಹಳ್ಳಿಯಲ್ಲಿ ನೆಲೆಸಿ, ರಾತ್ರಿಯ ಹೊತ್ತು ಪೂಜೆ ಸಲ್ಲಿಸುತ್ತ, ಹಗಲು ಮರೆಯಾಗುತ್ತ ಕಾಲ ಕಳೆದರು. ಅಲ್ಲಿಯೂ ಅಪಾಯ ಹೆಚ್ಚಿದಾಗ ಪುತ್ತಳಂಗೆ, ಅಲ್ಲಿಂದ ಬೆಟ್ಟದ ಮೇಲಿನ ಕ್ಯಾಂಡಿ ರಾಜ್ಯಕ್ಕೆ ಹೋದರು.

ಕ್ಯಾಂಡಿಯ ಅರಸ ಎರಡನೆಯ ವಿಮಲಧರ್ಮಸೂರ್ಯ ಬೌದ್ಧ. ಈತ ಪೋರ್ಚುಗೀಸರ ಗೂಢಚಾರನೆಂದು ಯಾರೋ ದೂರಿತ್ತರು. 1692ರ ಸುಮಾರಿಗೆ ಜೋಸೆಫ್ ವಾಜರು ಸೆರೆಮನೆ ಸೇರಿದರು. ಅಲ್ಲಿ ಕುಳಿತು ಸಿಂಹಳ ಭಾಷೆ ಕಲಿತರು. ಕಾವಲುಗಾರರ ವಿಶ್ವಾಸ ಗಳಿಸಿ ಅಲ್ಲಿಯೇ ಒಂದು ಪೂಜಾ ಗುಡಿಸಲು ಕಟ್ಟಿಕೊಂಡರು. ಬರಗಾಲ ಬಂದಾಗ ಅರಸನ ಕೋರಿಕೆಯಂತೆ ಅವರು ಬಯಲಿನಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದರೆಂದೂ, ಮಳೆ ಸುರಿಯಿತೆಂದೂ ಪ್ರತೀತಿ. ರಾಜ್ಯದೊಳಗೆ ಸ್ವತಂತ್ರವಾಗಿ ಓಡಾಡಲು ಅಪ್ಪಣೆ ದೊರೆತದ್ದಂತೂ ನಿಜ. ಒಂದೇ ಕ್ರಿಸ್ತನನ್ನು ನಂಬಿದ ಡಚ್ಚರು ಅಟ್ಟಿದರು, ಬೌದ್ಧ ಅರಸ ಆಶ್ರಯವಿತ್ತ ಎಂಬುದು ಇತಿಹಾಸದ ವೈಚಿತ್ರ್ಯ.

1697ರಲ್ಲಿ ಗೋವೆಯಿಂದ ಸಹಾಯಕ್ಕೆ ಗುರುಗಳು ಬಂದರು. ಅದೇ ಸಮಯಕ್ಕೆ ಕ್ಯಾಂಡಿಯಲ್ಲಿ ಸಿಡುಬಿನ ಮಾರಿ. ಉಳ್ಳವರು ಊರು ಬಿಟ್ಟರು. ರೋಗ ತಗಲಿದವರನ್ನು ಹೆತ್ತವರೇ ಕಾಡಿನಲ್ಲಿ ಬಿಟ್ಟುಬರುವ ಕಾಲ. ಜೋಸೆಫ್ ವಾಜರು ಅವರನ್ನು ಹುಡುಕಿಕೊಂಡು ಹೋದರು. ಗುಡಿಸಲು ಹಾಕಿಸಿ, ಹುಣ್ಣು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಮಣ್ಣು ಮಾಡಿದರು. ಬೌದ್ಧರು, ಕ್ರೈಸ್ತರೆಂಬ ಎಣಿಕೆ ಅಲ್ಲಿರಲಿಲ್ಲ. ಈ ಕೆಲಸಕ್ಕೆ ಯಾವ ಧರ್ಮಾಧ್ಯಕ್ಷರ ಆಜ್ಞಾಪತ್ರವೂ ಬಂದಿರಲಿಲ್ಲ. ನರಳುವವನ ದನಿಯನ್ನೇ ದೇವರ ಅಪ್ಪಣೆಯೆಂದು ಕೇಳಿಸಿಕೊಂಡರು.

ಮುಂದೆ 1705ರಲ್ಲಿ ಸಿಂಹಳದ ಸಭೆಯ ಮುಖ್ಯಾಧಿಕಾರ ಅವರಿಗೆ ಬರುವ ಮಾತು ಬಂದಾಗ ಒಲ್ಲೆನೆಂದರು. ಕರೆದಲ್ಲಿಗೆಲ್ಲ ಹೋದವರು ಪದವಿಯ ಕಡೆಗೆ ಮಾತ್ರ ಹೆಜ್ಜೆ ಇಡಲಿಲ್ಲ. ಅದೇ ವರ್ಷ ಬಂದು ಸೇರಿದ ಫಾದರ್ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ, ತಮಿಳು ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿದರು. ಜನರ ಧರ್ಮ ಜನರ ಮಾತಿನಲ್ಲಿಯೇ ಉಳಿಯಬೇಕೆಂಬ ತಿಳಿವು ಈ ಗೋವನ್ ಗುರುಗಳಿಗಿತ್ತು. ದೊಡ್ಡ ಜನಸಮುದಾಯದ ನಡುವೆ ತನ್ನ ನುಡಿಯನ್ನು ಮನೆಯೊಳಗೆ ಕಾಪಾಡಿಕೊಂಡು ಬರುವ ಕಷ್ಟ, 1956ರ ಬಳಿಕ ಕಾಸರಗೋಡಿನ ಕನ್ನಡ ಮನೆಗಳಿಗೆ ಹೊಸದಲ್ಲ. ಮಕ್ಕಳಿಗೆ ಮುಂದಿನ ವರ್ಷ ಕಲಿಸೋಣವೆಂದು ಬಿಟ್ಟದ್ದು ಹೇಗೆ ಕೈತಪ್ಪುತ್ತದೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಗುರುವಿಲ್ಲದ ಆ ಸಿಂಹಳದ ಮನೆಗಳ ಪಾಡು ನಮಗೆ ಬೇಗ ಅರ್ಥವಾಗುತ್ತದೆ.

ಇಪ್ಪತ್ತನಾಲ್ಕು ವರ್ಷ ಅಲ್ಲಿಯೇ ದುಡಿದು, ಒಮ್ಮೆಯೂ ತಾಯ್ನಾಡಿಗೆ ಹಿಂದಿರುಗದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಕಣ್ಣುಮುಚ್ಚಿದರು. ದೇಹವನ್ನು ಅಲ್ಲಿಯ ಇಗರ್ಜಿಯಲ್ಲಿಯೇ ಸಮಾಧಿ ಮಾಡಲಾಯಿತು. ಇಂದು ಆ ಜಾಗದ ಗುರುತೂ ಉಳಿದಿಲ್ಲ. 1995ರ ಜನವರಿ 21ರಂದು ಎರಡನೆಯ ಜಾನ್ ಪಾಲ್ ಪೋಪರು ಕೊಲಂಬೊದಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. 2015ರ ಜನವರಿ 14ರಂದು ಅದೇ ಕೊಲಂಬೊದ ಕಡಲ ತೀರದಲ್ಲಿ ಫ್ರಾನ್ಸಿಸ್ ಪೋಪರು ಸಂತರೆಂದು ಸಾರಿದರು. ಶ್ರೀಲಂಕೆಗೆ ಅವರೇ ಮೊದಲ ಸಂತರು.

ಬೇಗ ಮಾಡುವುದೆಂದರೆ ಅವಸರಪಡುವುದಲ್ಲ. ಬೆತ್ಲೆಹೇಮಿನ ಜೋಸೆಫರು ಈಜಿಪ್ಟಿನಲ್ಲಿ, ಹಿಂದಿರುಗೆಂಬ ಮಾತು ಬರುವ ತನಕ ಕಾದಿದ್ದರು. ನಮ್ಮ ಜೋಸೆಫರೂ ಸಿಂಹಳದ ಹಂಬಲವನ್ನು ಎದೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾದರು. ಕಾಯುವ ಕಾಲದಲ್ಲಿ ಸುಮ್ಮನೆ ಕೂರದೆ ಕೆನರಾದ ಕೆಸರುದಾರಿ ತುಳಿದರು. ಚದುರಿದ ಮಂದೆಯನ್ನು ಕೂಡಿಸುವ ವಿದ್ಯೆ ಅವರಿಗೆ ಕೈಗೂಡಿದ್ದು ಇಲ್ಲಿಯೇ. ಅದು ಅಲ್ಲಿ ಫಲ ಕೊಟ್ಟಿತು. ಕೇಳದ ಕಡೆಗೆ ಕಳುಹಿಸಿದ ಆ ಅಪ್ಪಣೆ ಹೀಗೆ ವ್ಯರ್ಥವಾಗಲಿಲ್ಲ.

ನಾಳೆ ಎಂದವನ ಮನೆ ಹಾಳು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸರಿಯೆಂದು ಮನಸ್ಸಿಗೆ ತಿಳಿದ ಕೆಲಸಗಳು ನಮ್ಮೆಲ್ಲರ ಮನೆಯಲ್ಲೂ ಬಾಕಿ ಬಿದ್ದಿರುತ್ತವೆ. ಮಾತು ಬಿಟ್ಟ ಅಣ್ಣತಮ್ಮಂದಿರು, ನೋಡಲು ಹೋಗದ ರೋಗಿ, ತೀರಿಸದ ಋಣ. ಇವಕ್ಕೆ ದೇವದೂತ ಬಂದು ಹೇಳಬೇಕಾಗಿಲ್ಲ. ಈ ಸಲ ಗೋದಲಿಯ ಮುಂದೆ ನಿಂತಾಗ, ಬದಿಯಲ್ಲಿ ಕೋಲು ಹಿಡಿದು ನಿಂತ ಆ ಮೌನಿಯ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.