ನೆಲೆ ನಿಲ್ಲದ ಗುರು ಬೇಲಾ ಗುಟ್‌ಮನ್

ಆಟದ ಮೈದಾನದಲ್ಲಿ ಗೆಲುವು ದೊರೆತಾಗ ಜನರ ಕಣ್ಣೆಲ್ಲ ಗೋಲು ಹೊಡೆದ ಆಟಗಾರನ ಮೇಲೆಯೇ ನೆಡುತ್ತದೆ. ಅವನನ್ನು ಆರಿಸಿ, ತಿದ್ದಿ, ತಕ್ಕ ಸ್ಥಳದಲ್ಲಿ ನಿಲ್ಲಿಸಿದ ತರಬೇತುದಾರನು ಮೈದಾನದ ಅಂಚಿನಲ್ಲಿ ಮರೆಯಾಗಿ ಉಳಿಯುತ್ತಾನೆ. ಕಾಲ್ಚೆಂಡಾಟದ ಚರಿತ್ರೆಯಲ್ಲಿ ಈ ಮರೆಯಿಂದ ಹೊರಬಂದು, ಆಟಗಾರರಿಗೆ ಸರಿಸಮನಾದ ಕೀರ್ತಿಯನ್ನು ಗಳಿಸಿದವರಲ್ಲಿ ಹಂಗೇರಿಯ ಬೇಲಾ ಗುಟ್‌ಮನ್ ಒಬ್ಬನು. ಯುರೋಪು ಮತ್ತು ದಕ್ಷಿಣ ಅಮೆರಿಕ ಖಂಡಗಳ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಅವನು ತಂಡಗಳನ್ನು ಕಟ್ಟಿದನು. ಎಲ್ಲಿಯೂ ಬಹುಕಾಲ ನಿಲ್ಲಲಿಲ್ಲ. ಊರಿಂದೂರಿಗೆ ಹೋಗುವಾಗ ಅವನು ಹೊತ್ತೊಯ್ದ ಆಸ್ತಿ ಒಂದೇ, ಅದು ತನ್ನ ಕಸುಬಿನ ಜ್ಞಾನ.

ಗುಟ್‌ಮನ್ 1899ರಲ್ಲಿ ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ತಂದೆ ತಾಯಿಯರಿಬ್ಬರೂ ನೃತ್ಯಶಿಕ್ಷಕರು. ಬಾಲಕನು ಹದಿನಾರನೆಯ ವಯಸ್ಸಿಗೇ ನೃತ್ಯ ಕಲಿಸುವ ಅರ್ಹತೆಯನ್ನು ಪಡೆದನು. ಆದರೆ ಅವನ ಮನಸ್ಸು ಚೆಂಡಿನ ಕಡೆಗೆ ಒಲಿದಿತ್ತು. ಎಂ. ಟಿ. ಕೆ. ಎಂಬ ಪ್ರಸಿದ್ಧ ತಂಡವನ್ನು ಸೇರಿ, ನಡುಪಡೆಯ ಆಟಗಾರನಾಗಿ 1920 ಮತ್ತು 1921ರಲ್ಲಿ ಹಂಗೇರಿಯ ಲೀಗ್ ಪ್ರಶಸ್ತಿ ಗೆದ್ದ ಆಟಗಾರರಲ್ಲಿ ಒಬ್ಬನಾದನು. ಅದೇ ಕಾಲದಲ್ಲಿ ಹಂಗೇರಿಯಲ್ಲಿ ಯೆಹೂದ್ಯರ ಮೇಲಣ ದ್ವೇಷವು ಹೆಚ್ಚುತ್ತಿತ್ತು. ಗುಟ್‌ಮನ್ ಹುಟ್ಟಿದೂರನ್ನು ಬಿಟ್ಟು ಆಸ್ಟ್ರಿಯಾದ ವಿಯೆನ್ನಾ ನಗರಕ್ಕೆ ಹೋದನು. ಅಲ್ಲಿ ಯೆಹೂದ್ಯರೇ ಕಟ್ಟಿಕೊಂಡಿದ್ದ ಹಾಕೋವಾ ಎಂಬ ತಂಡವನ್ನು ಸೇರಿದನು. ಹೀಬ್ರೂ ಭಾಷೆಯ ಆ ಹೆಸರಿಗೆ ಶಕ್ತಿ ಎಂದರ್ಥ. 1925ರಲ್ಲಿ ಆ ತಂಡವು ಆಸ್ಟ್ರಿಯಾದ ಲೀಗ್ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಅನ್ಯಾಯವೆಂದು ಕಂಡದ್ದನ್ನು ಸಹಿಸದ ಸ್ವಭಾವ ಅವನದು. 1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಿಗೆ ಹೋದ ಹಂಗೇರಿಯ ತಂಡದಲ್ಲಿ ಆಟಗಾರರಿಗಿಂತ ಅಧಿಕಾರಿಗಳ ಸಂಖ್ಯೆಯೇ ಹೆಚ್ಚಾಗಿತ್ತು. ಇಳಿದುಕೊಂಡ ಹೋಟೆಲಿನಲ್ಲಿ ರಾತ್ರಿ ನಿದ್ರೆ ಮಾಡುವುದೇ ಕಷ್ಟವಾಗಿತ್ತು. ಗುಟ್‌ಮನ್ ಸತ್ತ ಇಲಿಗಳನ್ನು ಅಧಿಕಾರಿಗಳ ಕೊಠಡಿಯ ಬಾಗಿಲುಗಳಿಗೆ ತೂಗುಹಾಕಿ ತನ್ನ ಪ್ರತಿಭಟನೆಯನ್ನು ತೋರಿಸಿದನೆಂದು ಹೇಳುತ್ತಾರೆ. ಆ ಕ್ರೀಡೆಗಳಲ್ಲಿ ಹಂಗೇರಿಯು ಈಜಿಪ್ಟಿನ ಎದುರು ಮೂರು ಗೋಲುಗಳಿಂದ ಸೋತಿತು. ಮುಂದೆ ಗುಟ್‌ಮನ್‌ನಿಗೆ ದೇಶದ ತಂಡದಲ್ಲಿ ಸ್ಥಾನ ದೊರೆಯಲಿಲ್ಲ.

1926ರಲ್ಲಿ ಹಾಕೋವಾ ತಂಡವು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರವಾಸ ಕೈಗೊಂಡಿತು. ನ್ಯೂಯಾರ್ಕಿನ ಒಂದು ಪಂದ್ಯಕ್ಕೆ ಸುಮಾರು 46,000 ಜನ ನೆರೆದರು. ಗುಟ್‌ಮನ್ ಹಿಂದಿರುಗದೆ ಅಲ್ಲಿಯೇ ಉಳಿದು, ಅಲ್ಲಿನ ತಂಡಗಳ ಪರವಾಗಿ ಆಡತೊಡಗಿದನು. ಕೈಯಲ್ಲಿ ಹಣವೂ ಸೇರಿತು. ಆದರೆ 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಆ ಗಳಿಕೆಯೆಲ್ಲವೂ ಕೊಚ್ಚಿಹೋಯಿತು. ಅವನು ಬರಿಗೈಯಲ್ಲಿ ವಿಯೆನ್ನಾಕ್ಕೆ ಹಿಂದಿರುಗಿ, 1933ರಲ್ಲಿ ತನ್ನ ಹಳೆಯ ತಂಡದ ತರಬೇತುದಾರನಾದನು. ಬಳಿಕ ಎರಡು ವರ್ಷ ನೆದರ್ಲೆಂಡ್ಸ್ ದೇಶದಲ್ಲಿ ಕೆಲಸ ಮಾಡಿ ಮರಳಿ ವಿಯೆನ್ನಾಕ್ಕೆ ಬಂದನು. 1938ರಲ್ಲಿ ಹಿಟ್ಲರನ ಸೇನೆಯು ಆಸ್ಟ್ರಿಯಾವನ್ನು ಆಕ್ರಮಿಸಿತು; ಹಾಕೋವಾ ಸಂಸ್ಥೆಯನ್ನು ಮುಚ್ಚಿಸಲಾಯಿತು. ಗುಟ್‌ಮನ್ ಮತ್ತೆ ಬುಡಾಪೆಸ್ಟನ್ನು ಸೇರಿದನು. ಅಲ್ಲಿ ಊಯ್‌ಪೆಸ್ಟ್ ತಂಡವನ್ನು ತರಬೇತುಗೊಳಿಸಿ, 1939ರಲ್ಲಿ ಹಂಗೇರಿಯ ಲೀಗ್ ಪ್ರಶಸ್ತಿಯನ್ನೂ ಮಧ್ಯ ಯುರೋಪಿನ ತಂಡಗಳು ಸೆಣಸುತ್ತಿದ್ದ ಮಿತ್ರೋಪಾ ಕಪ್ಪನ್ನೂ ಅದಕ್ಕೆ ದೊರಕಿಸಿದನು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧದ ಕಾರ್ಮೋಡ ಕವಿಯಿತು. 1944ರ ಮಾರ್ಚ್ ತಿಂಗಳಲ್ಲಿ ಜರ್ಮನ್ ಸೇನೆಯು ಹಂಗೇರಿಯನ್ನು ಹೊಕ್ಕಿತು. ಯೆಹೂದ್ಯರನ್ನು ರೈಲು ಬೋಗಿಗಳಲ್ಲಿ ತುಂಬಿ ಮರಣ ಶಿಬಿರಗಳಿಗೆ ಸಾಗಿಸುವ ಘೋರ ಕಾರ್ಯವು ಆರಂಭವಾಯಿತು. ಗುಟ್‌ಮನ್ ಯೆಹೂದ್ಯನಲ್ಲದ ಬಂಧುವೊಬ್ಬನ ಆಶ್ರಯ ಪಡೆದು, ಅಟ್ಟವೊಂದರಲ್ಲಿ ಅಡಗಿ ದಿನಗಳನ್ನು ಕಳೆದನು. ಮುಂದೆ ಬಲಾತ್ಕಾರದ ದುಡಿಮೆಯ ಶಿಬಿರವೊಂದಕ್ಕೆ ಅವನು ಸೇರಬೇಕಾಯಿತು. ಅಲ್ಲಿ ಹೊಡೆತ ಬಡಿತಗಳಿಗೆ ಮಿತಿಯಿರಲಿಲ್ಲ. ಆ ವರ್ಷದ ಕೊನೆಯಲ್ಲಿ ಅವನು ಕೆಲವು ಸಂಗಡಿಗರೊಡನೆ ತಪ್ಪಿಸಿಕೊಂಡು ಪಾರಾದನು. ಆ ಸಂಗಡಿಗರಲ್ಲಿ ಎರ್ನೋ ಎರ್ಬ್‌ಸ್ಟೈನ್ ಎಂಬ ಮತ್ತೊಬ್ಬ ತರಬೇತುದಾರನಿದ್ದನು. ಇಟಲಿಯ ಟೊರೀನೊ ತಂಡವನ್ನು ಉನ್ನತಿಗೇರಿಸಿದ ಎರ್ಬ್‌ಸ್ಟೈನ್, 1949ರಲ್ಲಿ ತನ್ನ ಆಟಗಾರರೊಡನೆ ವಿಮಾನ ದುರಂತದಲ್ಲಿ ಮಡಿದನು. ಗುಟ್‌ಮನ್ ಬದುಕಿ ಉಳಿದನಾದರೂ ಅವನ ತಂದೆ, ಸೋದರಿ ಹಾಗೂ ಅನೇಕ ಬಂಧುಗಳು ಆ ಹತ್ಯಾಕಾಂಡಕ್ಕೆ ಬಲಿಯಾದರು. ಈ ನೋವನ್ನು ಅವನು ಲೋಕದ ಮುಂದೆ ಹೇಳಿಕೊಂಡದ್ದು ಬಹಳ ಕಡಮೆ. ಆ ದಿನಗಳ ವಿವರಗಳು ಅವನು ತೀರಿಕೊಂಡ ಎಷ್ಟೋ ವರ್ಷಗಳ ಅನಂತರ ಸಂಶೋಧಕರ ಶ್ರಮದಿಂದ ಬೆಳಕಿಗೆ ಬಂದವು.

ಯುದ್ಧ ಮುಗಿದಾಗ ಗುಟ್‌ಮನ್‌ನ ವಯಸ್ಸು ನಲವತ್ತಾರು. ಮನೆ ಮಠ, ಹಣ, ಬಂಧುಬಳಗ ಎಲ್ಲವೂ ಹೋಗಿದ್ದವು; ಉಳಿದದ್ದು ಆಟದ ಜ್ಞಾನವೊಂದೇ. 1946ರಲ್ಲಿ ರುಮೇನಿಯಾದ ಬುಖಾರೆಸ್ಟ್ ನಗರದ ತಂಡವೊಂದು ಅವನನ್ನು ಕರೆಯಿತು. ಆಗ ಅಲ್ಲಿ ಆಹಾರದ ಅಭಾವ ತೀವ್ರವಾಗಿತ್ತು. ಗುಟ್‌ಮನ್ ತನ್ನ ಸಂಬಳವನ್ನು ಹಣದ ಬದಲು ಕಾಯಿಪಲ್ಯ, ದಿನಸಿಗಳ ರೂಪದಲ್ಲಿ ಕೇಳಿ ಪಡೆದನು. ಆದರೆ ಯಾವ ಆಟಗಾರನನ್ನು ಆಡಿಸಬೇಕೆಂಬ ವಿಷಯದಲ್ಲಿ ಆಡಳಿತದವರು ಕೈಹಾಕಿದಾಗ, ಹೊಟ್ಟೆಯ ಪಾಡನ್ನೂ ಲೆಕ್ಕಿಸದೆ ಹೊರಟುಬಂದನು. 1947ರಲ್ಲಿ ಊಯ್‌ಪೆಸ್ಟ್ ತಂಡವು ಅವನ ಕೈಯಲ್ಲಿ ಮತ್ತೊಮ್ಮೆ ಹಂಗೇರಿಯ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಬಳಿಕ ಕಿಶ್‌ಪೆಸ್ಟ್ ತಂಡದಲ್ಲಿ ಅವನಿಗೆ ಫೆರೆಂಕ್ ಪುಷ್ಕಾಶ್ ಎಂಬ ಪ್ರತಿಭಾವಂತ ತರುಣನು ಶಿಷ್ಯನಾಗಿ ದೊರೆತನು. ಒಂದು ಪಂದ್ಯದಲ್ಲಿ ಒರಟಾಗಿ ಆಡುತ್ತಿದ್ದ ಆಟಗಾರನೊಬ್ಬನನ್ನು ಗುಟ್‌ಮನ್ ವಿರಾಮದ ಅನಂತರ ಮೈದಾನಕ್ಕೆ ಇಳಿಯದಂತೆ ತಡೆದನು. ಬದಲಿ ಆಟಗಾರರಿಗೆ ಅವಕಾಶವಿಲ್ಲದ ಆ ಕಾಲದಲ್ಲಿ ತಂಡವು ಹತ್ತೇ ಜನರೊಡನೆ ಆಡಬೇಕಾಗುತ್ತಿತ್ತು. ಪುಷ್ಕಾಶನು ಗುರುವಿನ ಮಾತನ್ನು ಮೀರಿ ಆ ಆಟಗಾರನನ್ನು ಆಡಲು ಪ್ರೇರಿಸಿದನು. ಗುಟ್‌ಮನ್ ವಾದಕ್ಕೆ ನಿಲ್ಲಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಪಂದ್ಯ ಮುಗಿಯುವವರೆಗೆ ಪತ್ರಿಕೆ ಓದಿ, ಮನೆಗೆ ಹೊರಟುಹೋದನೆಂದೂ ಆ ತಂಡಕ್ಕೆ ಮತ್ತೆ ಕಾಲಿಡಲಿಲ್ಲವೆಂದೂ ಹೇಳಲಾಗುತ್ತದೆ.

ಮುಂದಿನ ವರ್ಷಗಳಲ್ಲಿ ಇಟಲಿ, ಅರ್ಜೆಂಟೀನಾ, ಸೈಪ್ರಸ್ ದೇಶಗಳು ಅವನ ಕಾರ್ಯಕ್ಷೇತ್ರಗಳಾದವು. 1953ರಲ್ಲಿ ಇಟಲಿಯ ಹೆಸರಾಂತ ಎ. ಸಿ. ಮಿಲಾನ್ ತಂಡದ ಹೊಣೆ ದೊರೆಯಿತು. 1955ರ ಆರಂಭದಲ್ಲಿ ಆ ತಂಡವು ಅಂಕಪಟ್ಟಿಯ ತುದಿಯಲ್ಲಿದ್ದಾಗಲೇ ಆಡಳಿತದವರು ಅವನನ್ನು ಕೆಲಸದಿಂದ ತೆಗೆದರು. ಆ ವರ್ಷ ಮಿಲಾನ್ ಪ್ರಶಸ್ತಿಯನ್ನು ಪಡೆಯಿತು; ಅದಕ್ಕೆ ಬುನಾದಿ ಹಾಕಿದವನು ಅಲ್ಲಿರಲಿಲ್ಲ. ಈ ಕಹಿ ಅನುಭವದಿಂದ ಅವನು ಒಂದು ಪಾಠ ಕಲಿತನು. ತಂಡವು ಮೊದಲ ಸ್ಥಾನದಲ್ಲಿರುವಾಗ ತನ್ನನ್ನು ತೆಗೆದುಹಾಕಕೂಡದೆಂಬ ಷರತ್ತನ್ನು ಅನಂತರದ ಕರಾರುಗಳಲ್ಲಿ ಸೇರಿಸತೊಡಗಿದನು.

1956ರಲ್ಲಿ ಹಂಗೇರಿಯಲ್ಲಿ ಕ್ರಾಂತಿಯೆದ್ದು, ಸೋವಿಯತ್ ಸೇನೆಯು ಅದನ್ನು ಅಡಗಿಸಿತು. ಕಿಶ್‌ಪೆಸ್ಟ್ ತಂಡವು ಅಷ್ಟರಲ್ಲಿ ಹಾನ್‌ವೇಡ್ ಎಂಬ ಹೆಸರನ್ನು ತಳೆದಿತ್ತು. ವಿದೇಶದಲ್ಲಿದ್ದ ಆ ತಂಡವು ಕೂಡಲೇ ತಾಯ್ನಾಡಿಗೆ ಮರಳದೆ ಪ್ರವಾಸವನ್ನು ಮುಂದುವರಿಸಿತು. ಅದರೊಡನೆ ಗುಟ್‌ಮನ್ 1957ರಲ್ಲಿ ಬ್ರೆಜಿಲ್ ದೇಶಕ್ಕೆ ಹೋಗಿ, ಅಲ್ಲಿಯೇ ಸಾವೊ ಪಾವ್ಲೊ ತಂಡದ ತರಬೇತುದಾರನಾಗಿ ನಿಂತನು. ನಾಲ್ವರು ರಕ್ಷಣೆಯಲ್ಲಿ, ಇಬ್ಬರು ನಡುವೆ, ನಾಲ್ವರು ಮುಂದೆ ನಿಂತು ಆಡುವ ವಿಧಾನವನ್ನು ಹಂಗೇರಿಯ ತರಬೇತುದಾರರು ಬೆಳೆಸಿದ್ದರು. ಗುಟ್‌ಮನ್ ಆ ವಿಧಾನವನ್ನು ತನ್ನ ಹೊಸ ತಂಡಕ್ಕೆ ಕಲಿಸಿದನು. ಅದೇ ವರ್ಷ ಸಾವೊ ಪಾವ್ಲೊ ತನ್ನ ರಾಜ್ಯದ ಪ್ರಶಸ್ತಿಯನ್ನು ಗೆದ್ದಿತು. ಮರುವರ್ಷ ಬ್ರೆಜಿಲ್ ದೇಶವು ಇದೇ ವಿಧಾನದಲ್ಲಿ ಆಡಿ ಮೊದಲ ಬಾರಿಗೆ ವಿಶ್ವಕಪ್ಪನ್ನು ಪಡೆಯಿತು. ಆ ವಿಧಾನವು ಅಲ್ಲಿ ಬೇರೂರಲು ಅವನೊಬ್ಬನೇ ಕಾರಣನೆನ್ನಲಾಗದು. ಆದರೆ ಅದಕ್ಕೆ ನೀರೆರೆದವರಲ್ಲಿ ಅವನೂ ಒಬ್ಬನು.

ಬ್ರೆಜಿಲಿನಿಂದ ಅವನು ಪೋರ್ಚುಗಲ್ಲಿಗೆ ಬಂದನು. 1959ರಲ್ಲಿ ಪೋರ್ಟೊ ತಂಡವು ಅವನ ಮಾರ್ಗದರ್ಶನದಲ್ಲಿ ಬೆನ್‌ಫಿಕಾ ತಂಡವನ್ನು ಹಿಂದಿಕ್ಕಿ ಲೀಗ್ ಪ್ರಶಸ್ತಿಯನ್ನು ಪಡೆಯಿತು. ಆ ಕೂಡಲೇ ಸೋತ ಬೆನ್‌ಫಿಕಾ ತಂಡವೇ ಅವನನ್ನು ಲಿಸ್ಬನ್ ನಗರಕ್ಕೆ ಕರೆಸಿಕೊಂಡಿತು. ಗುಟ್‌ಮನ್ ಅನೇಕ ಹಿರಿಯ ಆಟಗಾರರನ್ನು ಕೈಬಿಟ್ಟು ಯುವಕರಿಗೆ ಅವಕಾಶ ಕೊಟ್ಟನು. 1960 ಮತ್ತು 1961ರಲ್ಲಿ ದೇಶದ ಪ್ರಶಸ್ತಿಗಳು ಬಂದವು. ಆವರೆಗೆ ನಡೆದಿದ್ದ ಐದು ಯುರೋಪಿಯನ್ ಕಪ್ ಸ್ಪರ್ಧೆಗಳನ್ನೂ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವೇ ಗೆದ್ದಿತ್ತು. 1961ರ ಮೇ 31ರಂದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಬೆನ್‌ಫಿಕಾ ತಂಡವು ಬಾರ್ಸಿಲೋನಾ ತಂಡವನ್ನು 3-2 ಗೋಲುಗಳಿಂದ ಮಣಿಸಿ ಆ ಕಪ್ಪನ್ನು ಎತ್ತಿಹಿಡಿಯಿತು. ಶಿಬಿರದಿಂದ ಜೀವ ಉಳಿಸಿಕೊಂಡು ಓಡಿಬಂದ ಮನುಷ್ಯನು ಹದಿನೇಳು ವರ್ಷ ತುಂಬುವ ಮೊದಲೇ ಯುರೋಪಿನ ಶಿಖರವನ್ನೇರಿದ್ದನು.

ಈ ಕಾಲದಲ್ಲಿಯೇ ಅವನಿಗೆ ಒಬ್ಬ ಮಹಾನ್ ಶಿಷ್ಯನು ದೊರೆತನು. ಲಿಸ್ಬನ್ನಿನ ಕ್ಷೌರದ ಅಂಗಡಿಯೊಂದರಲ್ಲಿ ಗುಟ್‌ಮನ್ ತನ್ನ ಹಳೆಯ ಶಿಷ್ಯ, ಬ್ರೆಜಿಲಿನ ಬಾವರ್ ಎಂಬುವನನ್ನು ಭೇಟಿಯಾದನೆಂದು ಪ್ರತೀತಿ. ಆಫ್ರಿಕದ ಮೊಜಾಂಬಿಕ್ ಪ್ರವಾಸದಲ್ಲಿ ತಾನು ಕಂಡ ಅದ್ಭುತ ಬಾಲಕನ ವಿಷಯವನ್ನು ಬಾವರ್ ತಿಳಿಸಿದನು. ಆ ಬಾಲಕನೇ ಯುಸೇಬಿಯೊ. ಇಂದು ಮಪುಟೊ ಎಂದು ಕರೆಯುವ ನಗರದ ಬಡ ಬಡಾವಣೆಯಲ್ಲಿ ಬೆಳೆದ ಅವನನ್ನು ಬೆನ್‌ಫಿಕಾ ಕರೆಸಿಕೊಂಡಿತು. 1962ರ ಮೇ 2ರಂದು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ನಡೆದ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಎದುರಾಳಿ ರಿಯಲ್ ಮ್ಯಾಡ್ರಿಡ್; ಆ ತಂಡದಲ್ಲಿದ್ದವನು ಹಿಂದೆ ಗುರುವಿನ ಮಾತು ಮೀರಿದ್ದ ಅದೇ ಪುಷ್ಕಾಶ್. ಅವನು ಮೊದಲರ್ಧದಲ್ಲಿಯೇ ಮೂರು ಗೋಲುಗಳನ್ನು ಹೊಡೆದನು. ಬೆನ್‌ಫಿಕಾ ಎದೆಗುಂದಲಿಲ್ಲ. ಎರಡನೆಯ ಅರ್ಧದಲ್ಲಿ ಯುಸೇಬಿಯೊ ಎರಡು ಗೋಲು ಹೊಡೆದು ತಂಡವನ್ನು 5-3ರ ಗೆಲುವಿಗೆ ಒಯ್ದನು. ಪಂದ್ಯ ಮುಗಿದ ಮೇಲೆ ಪುಷ್ಕಾಶನು ತನ್ನ ಅಂಗಿಯನ್ನು ಆ ಯುವಕನಿಗೆ ಕೊಟ್ಟು ಗೌರವಿಸಿದನು.

ಗೆಲುವಿನ ಬಳಿಕ ಗುಟ್‌ಮನ್ ತನಗೆ ವಿಶೇಷ ಬಹುಮಾನದ ಹಣ ಸಲ್ಲಬೇಕೆಂದು ಕೇಳಿದನು. ಆಡಳಿತವು ಒಪ್ಪಲಿಲ್ಲ, ಅವನು ರಾಜೀನಾಮೆ ಕೊಟ್ಟು ಹೊರಟನು. ನೂರು ವರ್ಷ ಬೆನ್‌ಫಿಕಾ ಮತ್ತೆ ಯುರೋಪಿನಲ್ಲಿ ಗೆಲ್ಲದಿರಲೆಂದು ಅವನು ಶಪಿಸಿದನೆಂಬ ಕಥೆಯೊಂದು ಮುಂದೆ ಹುಟ್ಟಿಕೊಂಡಿತು. 1963ರಿಂದ 2014ರವರೆಗೆ ಆ ತಂಡವು ಯುರೋಪಿನ ಎಂಟು ಅಂತಿಮ ಪಂದ್ಯಗಳಲ್ಲಿ ಸೋತದ್ದರಿಂದ ಕಥೆಗೆ ಬಲ ಬಂದಿತು. ಆದರೆ ಸೋಲಿಗೆ ಶಾಪವನ್ನು ಕಾರಣವೆನ್ನುವುದು ಗೆದ್ದವರ ಪರಿಶ್ರಮವನ್ನು ಮರೆತಂತೆ. ಸ್ವತಃ ಗುಟ್‌ಮನ್ 1965ರಲ್ಲಿ ಬೆನ್‌ಫಿಕಾ ತಂಡಕ್ಕೆ ಮರಳಿ ಬಂದು ದುಡಿದನು. ಈ ಬಾರಿ ಗೆಲುವು ಒಲಿಯಲಿಲ್ಲ. 1966ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಲಿಸ್ಬನ್ನಿನಲ್ಲಿಯೇ ಅವನ ತಂಡವನ್ನು 5-1ರಿಂದ ಸೋಲಿಸಿತು.

ಗುಟ್‌ಮನ್ ದೋಷಗಳಿಲ್ಲದ ಮನುಷ್ಯನಲ್ಲ. ಹಣದ ವಿಷಯದಲ್ಲಿ ಅವನು ಬಿಗಿ, ಕೋಪ ಬೇಗ, ಸ್ವಾಭಿಮಾನವು ಒಮ್ಮೊಮ್ಮೆ ಹಟವಾಗಿ ತಿರುಗುತ್ತಿತ್ತು. ಒಂದೇ ತಂಡದಲ್ಲಿ ಮೂರನೆಯ ವರ್ಷ ಉಳಿಯುವುದು ತರಬೇತುದಾರನಿಗೆ ಅಪಾಯವೆಂದು ಅವನು ನಂಬಿದ್ದನು. ಆಟಗಾರರು ಗುರುವಿನ ಮಾತಿಗೆ ಒಗ್ಗಿಹೋಗುತ್ತಾರೆ, ಎದುರಾಳಿಗಳು ಅವನ ಉಪಾಯಗಳನ್ನು ಅರಿತುಬಿಡುತ್ತಾರೆ ಎಂಬುದು ಅವನ ಎಣಿಕೆ. ಉರುಗ್ವೆ, ಸ್ವಿಟ್ಜರ್‌ಲೆಂಡ್, ಗ್ರೀಸ್ ದೇಶಗಳಲ್ಲಿಯೂ ದುಡಿದು, 1974ರಲ್ಲಿ ಪೋರ್ಟೊ ತಂಡದಲ್ಲಿ ತನ್ನ ವೃತ್ತಿಜೀವನವನ್ನು ಮುಗಿಸಿದನು. 1981ರ ಆಗಸ್ಟ್ 28ರಂದು ವಿಯೆನ್ನಾದಲ್ಲಿ ತೀರಿಕೊಂಡನು. 2014ರಲ್ಲಿ ಬೆನ್‌ಫಿಕಾ ತಂಡದ ಕ್ರೀಡಾಂಗಣದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಎರಡೂ ಕೈಗಳಲ್ಲಿ ಒಂದೊಂದು ಕಪ್ಪನ್ನು ಹಿಡಿದ ಮೂರ್ತಿ ಅದು.

ಸಂಪತ್ತನ್ನು ಷೇರುಪೇಟೆ ನುಂಗಿತು. ಬಂಧುಗಳನ್ನು ದ್ವೇಷ ನುಂಗಿತು. ಕೆಲಸವನ್ನು ಆಡಳಿತಗಾರರು ಕಿತ್ತುಕೊಂಡರು. ಆದರೆ ಶ್ರದ್ಧೆಯಿಂದ ಕಲಿತ ವಿದ್ಯೆಯನ್ನು ಅವನಿಂದ ಯಾರೂ ಕಸಿಯಲಾಗಲಿಲ್ಲ. ಹೋದ ಊರುಗಳಲ್ಲಿ ಅದನ್ನು ಅವನು ಇತರರಿಗೆ ಹಂಚಿದನು. ನೆಲೆ ನಿಲ್ಲದ ಆ ಗುರುವು ಕಲಿಸಿದ್ದು ಮಾತ್ರ ಆಟದ ಚರಿತ್ರೆಯಲ್ಲಿ ನೆಲೆ ನಿಂತಿದೆ.