ಟೋಪಿ ಪಿನ್ನಿನಿಂದ ಎಂಜಿನ್ ರಿಪೇರಿ: ವಿಶ್ವದ ಮೊದಲ ಲಾಂಗ್ ಡ್ರೈವ್ ಹೊರಟಿದ್ದ ಬರ್ತಾ ಬೆಂಜ್

ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ, ದಾರಿಯಲ್ಲಿ ಮಿಸ್ ಹೊಡೆದು ನಿಂತರೆ ಮೆಕ್ಯಾನಿಕ್ ಮೊದಲು ನೋಡುವುದು ಎರಡೇ ವಿಷಯ: ಎಂಜಿನ್‌ಗೆ ಪೆಟ್ರೋಲ್ ತಲುಪುತ್ತಿದೆಯೇ, ಕಿಡಿ ಬರುತ್ತಿದೆಯೇ? ಗ್ಯಾರೇಜ್ ಎಂಬ ಜಾಗವೇ ಇಲ್ಲದ 1888ರಲ್ಲಿ ಈ ಎರಡೂ ದೋಷಗಳನ್ನು ನಡುದಾರಿಯಲ್ಲೇ ಪತ್ತೆಹಚ್ಚಿ ಸರಿಪಡಿಸಿದ್ದು ಒಬ್ಬ ಗೃಹಿಣಿ. ಅವರೇ ಬರ್ತಾ ಬೆಂಜ್.

1849ರ ಮೇ 3ರಂದು ಜರ್ಮನಿಯ ಫೋರ್ಜ್‌ಹೈಮ್‌ನಲ್ಲಿ ಹುಟ್ಟಿದ ಬರ್ತಾ ಅನುಕೂಲಸ್ಥರ ಮನೆ ಮಗಳು. ಕೈ ಹಿಡಿದಿದ್ದು ಮಾತ್ರ ಸಾಲದಲ್ಲಿದ್ದ ಎಂಜಿನಿಯರ್ ಕಾರ್ಲ್ ಬೆಂಜ್ ಅವರನ್ನು. 1872ರ ಮದುವೆಗೂ ಮೊದಲೇ ತಮ್ಮ ವರದಕ್ಷಿಣೆ ಹಣವನ್ನು ಮುಂಗಡವಾಗಿ ಪಡೆದು, ಕಾರ್ಲ್ ಅವರ ವರ್ಕ್‌ಶಾಪ್ ಪಾಲುದಾರನ ಕೈ ತಪ್ಪಿ ಹೋಗದಂತೆ ಉಳಿಸಿಕೊಂಡರು. ಅಂದರೆ ಕಾರು ಹುಟ್ಟುವ ಮೊದಲೇ ಅದರ ಹೂಡಿಕೆದಾರರು ಬರ್ತಾ!

1886ರ ಜನವರಿ 29ರಂದು ಕಾರ್ಲ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಆದರೆ ಕೊಳ್ಳುವವರಿರಲಿಲ್ಲ. ಕುದುರೆಯಿಲ್ಲದ ಗಾಡಿಯನ್ನು ಜನ ನಂಬಲಿಲ್ಲ. ಕಾರ್ಲ್ ಕೂಡ ಗಾಡಿ ಇನ್ನೂ ಪಕ್ಕಾ ಆಗಿಲ್ಲವೆಂದು ಹಿಂಜರಿಯುತ್ತಿದ್ದರು. ಮನೆಯ ಹಣವೆಲ್ಲ ಅದರಲ್ಲೇ ಮುಳುಗಿತ್ತು.

1888ರ ಆಗಸ್ಟ್‌ನ ಒಂದು ಮುಂಜಾನೆ, ಗಂಡನಿಗೆ ಹೇಳದೆ ಬರ್ತಾ ಮಕ್ಕಳಾದ ಓಯ್ಗನ್ ಮತ್ತು ರಿಚರ್ಡ್ ಜತೆ ಗಾಡಿ ಹೊರಗೆ ತೆಗೆದರು. ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಜ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿ.ಮೀ. ಅಲ್ಲಿಯವರೆಗೆ ಕಾರು ಓಡಿದ್ದೆಲ್ಲ ಸಣ್ಣಪುಟ್ಟ ಪರೀಕ್ಷಾ ದೂರಗಳಷ್ಟೇ. ಸೆಲ್ಫ್ ಸ್ಟಾರ್ಟ್ ಇಲ್ಲ, ದೊಡ್ಡ ಫ್ಲೈವೀಲನ್ನು ಕೈಯಿಂದ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕಿತ್ತು.

ದಾರಿಯಲ್ಲಿ ಇಂಧನದ ಕೊಳವೆ ಕಸದಿಂದ ಕಟ್ಟಿಕೊಂಡಿತು. ಇಂಧನ ಸಿಗದೆ ಎಂಜಿನ್ ಸೊರಗಿತು. ಬರ್ತಾ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ ತೆಗೆದು ಕೊಳವೆ ಸ್ವಚ್ಛಗೊಳಿಸಿದರು. ಇಗ್ನಿಷನ್ ತಂತಿಯೂ ಕೈಕೊಟ್ಟಿತು. ಮೇಲಿನ ಹೊದಿಕೆ ಸವೆದ ತಂತಿ ಲೋಹಕ್ಕೆ ತಗುಲಿದರೆ ಕರೆಂಟ್ ಅಲ್ಲೇ ಸೋರಿಹೋಗುತ್ತದೆ, ಸಿಲಿಂಡರ್‌ನೊಳಗೆ ಕಿಡಿ ಹಾರುವುದಿಲ್ಲ. ಅದಕ್ಕೆ ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನೇ ಇನ್ಸುಲೇಷನ್ ಮಾಡಿದರು! ಇಂದಿಗೂ ಹಳೆಯ ಕಾರುಗಳು ಹಟ ಮಾಡಲು ಫ್ಯೂಯೆಲ್ ಲೈನ್‌ನ ಕಸ, ಸವೆದ ಪ್ಲಗ್ ವೈರ್ ಮುಖ್ಯ ಕಾರಣಗಳೇ.

ಇಂಧನ ಮುಗಿದಾಗ ವೀಸ್ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೊಯಿನ್ ಕೊಂಡರು. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ದ್ರವವದು. ಆ ಅಂಗಡಿಯನ್ನೇ ಈಗ ವಿಶ್ವದ ಮೊದಲ ಪೆಟ್ರೋಲ್ ಬಂಕ್ ಎನ್ನುತ್ತಾರೆ. ಕಮ್ಮಾರನೊಬ್ಬ ಚೈನ್ ಸರಿಮಾಡಿಕೊಟ್ಟ. ಸವೆದ ಮರದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದರು. ಬ್ರೇಕ್ ಲೈನಿಂಗ್ ಎಂಬುದು ಹಾಗೆ ಬಂತು. ಏರು ಸಿಕ್ಕಲ್ಲೆಲ್ಲ ತಳ್ಳಬೇಕಾಯಿತು. ಸಂಜೆ ಊರು ತಲುಪಿ ಕಾರ್ಲ್‌ಗೆ ಟೆಲಿಗ್ರಾಂ ಕಳಿಸಿದರು.

ಕೆಲ ದಿನಗಳ ಬಳಿಕ ಅದೇ ಗಾಡಿಯಲ್ಲಿ ವಾಪಸ್ ಬಂದ ಬರ್ತಾ ಬಳಿ ಗಂಡನಿಗೆ ಕೊಡಲು ದೋಷಗಳ ಪಟ್ಟಿಯೇ ಇತ್ತು. ಏರು ಹತ್ತಲು ಕಾರ್ಲ್ ಇನ್ನೊಂದು ಗೇರ್ ಸೇರಿಸಿದ್ದು ಈ ಪ್ರಯಾಣದ ನಂತರ. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು. 1899ರಲ್ಲಿ ಕಂಪನಿ ಒಂದೇ ವರ್ಷ 572 ವಾಹನ ತಯಾರಿಸಿತು. ಪೇಟೆಂಟ್‌ನಲ್ಲಿ ಮಾತ್ರ ಬರ್ತಾ ಹೆಸರಿಲ್ಲ.

1929ರಲ್ಲಿ ಕಾರ್ಲ್ ತೀರಿಕೊಂಡ ನಂತರವೂ ಬರ್ತಾ ಲಾಡೆನ್‌ಬರ್ಗ್‌ನ ಮನೆಯಲ್ಲೇ ಉಳಿದರು. 95ನೇ ಹುಟ್ಟುಹಬ್ಬದಂದು ಕಾರ್ಲ್ಸ್‌ರೂಹ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ನೀಡಿತು. ಪತಿ ಓದಿದ್ದ ಸಂಸ್ಥೆಯದು. ಎರಡೇ ದಿನಗಳ ನಂತರ, 1944ರ ಮೇ 5ರಂದು ಅವರು ಕೊನೆಯುಸಿರೆಳೆದರು.