ಟೇಲರ್ ಮಂಜಿಲ್

ಲಿಂಗಸುಗೂರಿನಿಂದ ಉತ್ತರದ ಕಡೆಗೆ ಹೊರಟು ತಿಂಥಣಿಯ ಬಳಿ ಕೃಷ್ಣಾನದಿಯನ್ನು ದಾಟಿದರೆ, ಸುರಪುರದ ಕಲ್ಲುಗುಡ್ಡಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲೊಂದರ ಮೇಲಿರುವ ಬಂಗಲೆಗೆ ಟೇಲರ್ ಮಂಜಿಲ್ ಎಂದು ಹೆಸರು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಹಂಪಿಗೂ ವಿಜಯಪುರಕ್ಕೂ ಹೋಗುವುದುಂಟು. ಹೊಳೆಯಾಚೆಯ ಈ ಮನೆಯೂ ಅವರು ನೋಡತಕ್ಕದ್ದೇ. ಅರಮನೆಯ ವೈಭವ ಇಲ್ಲಿಲ್ಲ. ಒಬ್ಬ ಪರದೇಶಿ ಮತ್ತು ಒಬ್ಬ ಬಾಲರಾಜನ ನಡುವಿನ ಅಕ್ಕರೆಗೂ ಅದರ ದಾರುಣ ಅಂತ್ಯಕ್ಕೂ ಈ ಮನೆ ಸಾಕ್ಷಿಯಾಗಿದೆ.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ಹದಿನಾರು ತುಂಬುವ ಮೊದಲೇ, 1824ರಲ್ಲಿ, ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದನು. ಆ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿತ್ತು. ಅದೇ ವರ್ಷ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೆ ಕೆಲಸ ದೊರೆಯಿತು. ಈ ದೇಶದ ಭಾಷೆಗಳನ್ನು ಅವನು ಶ್ರದ್ಧೆಯಿಂದ ಕಲಿತನು. ಠಕ್ಕರ ಬದುಕನ್ನು ಕುರಿತು ಅವನು ಬರೆದ ಕಾದಂಬರಿ 1839ರಲ್ಲಿ ಪ್ರಕಟವಾಗಿ, ಇಂಗ್ಲೆಂಡಿನಲ್ಲಿ ಅವನಿಗೆ ಕೀರ್ತಿಯನ್ನು ತಂದಿತು.

ಅವನನ್ನು ನಮ್ಮ ನಾಡಿಗೆ ಬಂಧಿಸಿದ್ದು ಸುರಪುರ. 1840ರ ದಶಕದ ಆರಂಭದಲ್ಲಿ ಅಲ್ಲಿಯ ಅರಸ ಕೃಷ್ಣಪ್ಪ ನಾಯಕನು ತೀರಿಕೊಂಡನು. ಉತ್ತರಾಧಿಕಾರಿಯಾದ ವೆಂಕಟಪ್ಪ ನಾಯಕನು ಆಗ ಏಳೆಂಟು ವರ್ಷದ ಹುಡುಗ. ರಾಣಿ ಈಶ್ವರಮ್ಮನಿಗೂ ಹುಡುಗನ ಚಿಕ್ಕಪ್ಪನಿಗೂ ಅಧಿಕಾರಕ್ಕಾಗಿ ಜಗಳ ಬೆಳೆಯಿತು. ಬೊಕ್ಕಸ ಬರಿದಾಗಿತ್ತು, ನಿಜಾಮನಿಗೆ ಸಲ್ಲಬೇಕಾದ ಹಣ ಬಾಕಿ ಇತ್ತು. ಸಂಸ್ಥಾನವನ್ನು ಸರಿಪಡಿಸಿ ಬಾಲರಾಜನನ್ನು ನೋಡಿಕೊಳ್ಳುವ ಹೊಣೆ ಟೇಲರನ ಮೇಲೆ ಬಿತ್ತು.

1853ರವರೆಗೂ ಅವನು ಆ ಹೊಣೆಯನ್ನು ಹೊತ್ತನು. ಭೂಮಿಯನ್ನು ಅಳೆಯುವ ವಿದ್ಯೆಯನ್ನಾಗಲಿ ಕಟ್ಟಡದ ವಿದ್ಯೆಯನ್ನಾಗಲಿ ಅವನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ಪುಸ್ತಕಗಳನ್ನು ಓದಿ ತಾನೇ ಕಲಿತನು. ನಾಯಕರು ಹಿಂದೆ ಕಟ್ಟಿಸಿದ್ದ ಬೋನಾಳದ ಕೆರೆಯನ್ನು ಉತ್ತಮಪಡಿಸಿದನು. ಇಂದು ಅದು ಪಕ್ಷಿಧಾಮ. ರಾಜನಕೋಳೂರಿನ ಬಯಲಿನಲ್ಲಿ ಬೃಹತ್ ಶಿಲೆಗಳ ಗೋರಿಗಳನ್ನು ಕಂಡು, ಅಳೆದು, ಚಿತ್ರ ಬರೆದು ವಿದ್ವಾಂಸರ ಗಮನಕ್ಕೆ ತಂದನು. ಮಸ್ಕಿಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ; ಅದಕ್ಕೂ ಅರವತ್ತು ವರ್ಷಗಳಿಗೂ ಮುಂಚೆಯೇ ಈ ಸೀಮೆಯ ಹಳೆಯ ಕಲ್ಲುಗಳನ್ನು ಕುತೂಹಲದಿಂದ ನೋಡಿದವನು ಟೇಲರ್. ಮೆಡೋಸ್ ಎಂಬ ಹೆಸರು ಜನರ ನಾಲಗೆಯಲ್ಲಿ ಮಹಾದೇವ ಎಂದಾಯಿತು. 1844ರಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ಅವನನ್ನು ವೆಂಕಟಪ್ಪ ನಾಯಕನು ಅಪ್ಪಾ ಎಂದು ಕರೆಯುತ್ತಿದ್ದನು.

ಪ್ರಾಯಕ್ಕೆ ಬಂದ ರಾಜನಿಗೆ 1853ರಲ್ಲಿ ಆಡಳಿತವನ್ನು ಒಪ್ಪಿಸಿ ಟೇಲರನು ನಳದುರ್ಗದ ಕಡೆಗೆ ಹೊರಟುಹೋದನು. ನಾಲ್ಕು ವರ್ಷ ಕಳೆಯುವುದರೊಳಗೆ ಉತ್ತರದಲ್ಲಿ ದಂಗೆಯೆದ್ದಿತು. ವೆಂಕಟಪ್ಪ ನಾಯಕನು ಬ್ರಿಟಿಷರಿಗೆ ತಲೆಬಾಗಲು ಒಪ್ಪದೆ ಸೈನಿಕರನ್ನು ಕೂಡಿಸಿದನು. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ಛಾವಣಿಯಿಂದ ಸೈನ್ಯ ಸುರಪುರದ ಮೇಲೆ ನಡೆಯಿತು. ಹೊಳೆ ದಾಟಿ ಬಂದ ಆ ಪಡೆಯ ಮೇಲೆ ನಾಯಕನ ಕಡೆಯವರು ಎರಗಿದರು; ಕ್ಯಾಪ್ಟನ್ ನ್ಯೂಬೆರಿ ಸತ್ತನು. ಬೇರೆ ದಿಕ್ಕುಗಳಿಂದಲೂ ದಂಡು ಬರುತ್ತಿದ್ದುದನ್ನು ತಿಳಿದು ರಾಜನು ಹೈದರಾಬಾದಿಗೆ ಹೋದನು. ಅಲ್ಲಿ ಸೆರೆಸಿಕ್ಕಿದನು.

ಸೆರೆಮನೆಯಲ್ಲಿ ಟೇಲರನು ಅವನನ್ನು ಕಂಡನು. ತನ್ನನ್ನು ಕಳ್ಳನಂತೆ ನೇಣಿಗೆ ಹಾಕದೆ, ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಬೇಕೆಂದು ಆ ತರುಣನು ಬೇಡಿದನಂತೆ. ವಿಧಿಸಿದ್ದ ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಹೈದರಾಬಾದಿನಿಂದ ಸಾಗಿಸುವ ದಾರಿಯಲ್ಲಿಯೇ ಗುಂಡು ತಗುಲಿ ಅವನು ಮೃತನಾದನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂಬುದು ಸರ್ಕಾರದ ವರದಿ. ಅದನ್ನು ನಂಬದವರು ಸುರಪುರದಲ್ಲಿ ಇಂದಿಗೂ ಇದ್ದಾರೆ.

ಮಕ್ಕಳೊಡನೆ ಈ ಮನೆಯ ಅಂಗಳದಲ್ಲಿ ನಿಂತಾಗ ಅವರು ಕೇಳುವ ಪ್ರಶ್ನೆ ಒಂದೇ: ಅಪ್ಪನೆನಿಸಿಕೊಂಡವನು ಮಗನನ್ನು ಏಕೆ ಉಳಿಸಲಿಲ್ಲ? ಕಠಿಣವಾದ ಪ್ರಶ್ನೆ. ರಾಜನ ಮೇಲೆ ಟೇಲರನಿಗಿದ್ದ ವಾತ್ಸಲ್ಯ ಹುಸಿಯೆಂದು ಹೇಳಲಾಗದು. ಆದರೂ ಅವನು ಉಂಡದ್ದು ಆಳುವವರ ಅನ್ನ. ಅವರು ತಪ್ಪೆಂದದ್ದನ್ನು ಅವನೂ ತಪ್ಪೆಂದೇ ಕಂಡನು. ನಾವು ಸ್ವಾತಂತ್ರ್ಯದ ಹಂಬಲವೆಂದು ಗೌರವಿಸುವುದನ್ನು ಅವನು ಕೆಟ್ಟವರ ದುರ್ಬೋಧನೆಯ ಫಲವೆಂದು ತಿಳಿದನು. ಇಬ್ಬರ ನಡುವೆ ಪ್ರೀತಿಯಿದ್ದರೂ ಸಾಮ್ರಾಜ್ಯವೊಂದು ಅಡ್ಡ ನಿಂತಿತ್ತು.

ಸುರಪುರ ಸಂಸ್ಥಾನವು ಬ್ರಿಟಿಷರ ವಶವಾಗಿ, 1860ರಲ್ಲಿ ನಿಜಾಮನಿಗೆ ಸೇರಿಹೋಯಿತು. ಅದೇ ವರ್ಷ ಟೇಲರನು ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿ, ಭಾರತದ ಇತಿಹಾಸವನ್ನು ಆಧರಿಸಿದ ಕಾದಂಬರಿಗಳನ್ನು ಬರೆದನು. ಕೊನೆಗಾಲದಲ್ಲಿ ಅವನ ದೃಷ್ಟಿ ಹೋಯಿತು. 1875ರಲ್ಲಿ ಸಾಲಾರ್ ಜಂಗನ ಆಹ್ವಾನದ ಮೇರೆಗೆ ಮತ್ತೊಮ್ಮೆ ಹೈದರಾಬಾದಿಗೆ ಬಂದನು. ಹಿಂದಿರುಗುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸ್ ದೇಶದ ಮೆಂಟನ್ ಎಂಬಲ್ಲಿ ಮರಣ ಹೊಂದಿದನು. ಮರುವರ್ಷ ಅವನ ಮಗಳು ಆತ್ಮಕಥೆಯನ್ನು ಪ್ರಕಟಿಸಿದಳು. ಸುರಪುರದ ಬಾಲರಾಜನ ವೃತ್ತಾಂತ ಅದರಲ್ಲಿ ವಿಸ್ತಾರವಾಗಿಯೇ ಇದೆ.